ಬಿಚ್ಚುವ ಮೊದಲು ಪಾರ್ಟು ಕೈಯಲ್ಲಿರಲಿ: ಕಲಬುರಗಿ ಸೀಮೆಯಲ್ಲಿ ಮನೆಯಲ್ಲೇ ಬೈಕ್ ನೋಡಿಕೊಳ್ಳುವುದು

ರವಿವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿ ಬಿಚ್ಚಿ ಹರವಿಟ್ಟಾಗಿದೆ. ಆಗ ಒಂದು ಗ್ಯಾಸ್ಕೆಟ್ (ಆಯಿಲ್ ಸೋರದಂತೆ ಸಂದಿಗೆ ಹಾಕುವ ಹಾಳೆ) ಹರಿದಿರುವುದು ಕಣ್ಣಿಗೆ ಬೀಳುತ್ತದೆ. ಸೋಮವಾರ ಅಂಗಡಿಗೆ ಹೋದರೆ 'ನಾಳಿಗಿ ಹೈದರಾಬಾದಿಂದ ಮಾಲ್ ಬರ್ತದರಿ' ಎಂಬ ಉತ್ತರ. ಗುರುವಾರ ಬಂದದ್ದು ಬೇರೆ ಮಾಡೆಲಿನದು. ಅಷ್ಟೊತ್ತಿಗೆ ಬಿಚ್ಚಿಟ್ಟ ಎಂಜಿನ್ನಿನ ಬಾಯಿಗೆ ಧೂಳು ಕೂತಿರುತ್ತದೆ, ಎರಡು ಬೋಲ್ಟು ಎಲ್ಲೋ ಹೋಗಿರುತ್ತವೆ. ಕಲಬುರಗಿ, ಬೀದರ, ಯಾದಗಿರಿ ಕಡೆ ಮನೆಯಲ್ಲಿ ಗಾಡಿ ನೋಡಿಕೊಳ್ಳುವವರಿಗೆ ಪಾನಾ ಹಿಡಿಯುವುದಕ್ಕಿಂತ ಪಾರ್ಟು ಹುಡುಕುವುದೇ ಹೆಚ್ಚು ತ್ರಾಸು. ಹಾಗಾಗಿ ಇಲ್ಲಿ ಮೊದಲು ಪಾರ್ಟಿನ ಮಾತು, ಆಮೇಲೆ ಕೆಲಸದ ಮಾತು. ರೂಢಿ ಮಾಡಿಕೊಳ್ಳಬೇಕಾದ್ದು ಇಷ್ಟು: ಒಮ್ಮೆ ನೋಡುವುದಕ್ಕೆ ಬಿಚ್ಚಿ, ಅಳತೆ ಮತ್ತು ನಂಬರ್ ಬರೆದುಕೊಂಡು ಮತ್ತೆ ಕೂಡಿಸಿ. ಪಾರ್ಟು ಮನೆಗೆ ಬಂದ ಮೇಲೆ ಕೆಲಸಕ್ಕೆಂದು ಬಿಚ್ಚಿ.

ಇಲ್ಲಿ ಹೇಳುವುದೆಲ್ಲ ಸ್ಪ್ಲೆಂಡರ್, ಎಚ್‌ಎಫ್ ಡಿಲಕ್ಸ್, ಪ್ಲಾಟಿನಾ, ಶೈನ್, ಪಲ್ಸರ್ 150ರಂತಹ, ನಮ್ಮ ಕಡೆ ಹೊಲಕ್ಕೂ ಆಫೀಸಿಗೂ ಓಡುವ ಗಾಡಿಗಳಿಗೆ ಹೊಂದುತ್ತದೆ.

ಅಂಗಡಿಯ ಕಟ್ಟೆ ಹತ್ತುವ ಮುಂಚೆ

ಕೌಂಟರಿನಲ್ಲಿ ಬರುವ ಮೊದಲ ಪ್ರಶ್ನೆ 'ಮಾಡೆಲ್ ಯಾವ್ದರಿ, ಬಿಎಸ್ ಫೋರಾ ಸಿಕ್ಸಾ?' ಇದಕ್ಕೆ ಸರಿಯಾದ ಉತ್ತರ ಗೊತ್ತಿಲ್ಲದೆ ತಂದ ಪಾರ್ಟುಗಳೇ ಹೆಚ್ಚು ವಾಪಸ್ ಹೋಗುವುದು. ಬಿಎಸ್ ಎಂದರೆ ಗಾಡಿಯ ಹೊಗೆಗೆ ಸರಕಾರ ಇಟ್ಟ ಮಿತಿ. 2017ರ ಏಪ್ರಿಲ್‌ನಿಂದ ಬಿಎಸ್4 ಬಂತು. 2019ರ ಏಪ್ರಿಲ್‌ನಿಂದ 125 ಸಿಸಿ ತನಕದ ಗಾಡಿಗಳಿಗೆ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಹಿಡಿಯುವ ಕಾಂಬಿ ಬ್ರೇಕ್, ಅದಕ್ಕೆ ಮೇಲ್ಪಟ್ಟವಕ್ಕೆ ಜೋರು ಬ್ರೇಕಿನಲ್ಲೂ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್6; ಅಲ್ಲಿಂದ ಬಹುತೇಕ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಸೆನ್ಸರ್ ನೋಡಿ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬಂತು. ಹೆಸರು ಒಂದೇ 'ಸ್ಪ್ಲೆಂಡರ್ ಪ್ಲಸ್' ಆದರೂ ಈ ಮೂರು ತಿರುವಿನಲ್ಲಿ ಬ್ರೇಕ್ ಕೇಬಲ್, ಫಿಲ್ಟರ್, ಪ್ಲಗ್, ವೈರಿಂಗ್ ಬದಲಾಗಿವೆ. ಒಂದು ಉದಾಹರಣೆ ಸಾಕು: ಹಳೆಯ ಸ್ಪ್ಲೆಂಡರಿನ ಹಿಂದಿನ ಡ್ರಮ್ 110 ಮಿ.ಮೀ., ಕಾಂಬಿ ಬ್ರೇಕಿನ ಹೊಸದರದ್ದು 130 ಮಿ.ಮೀ. 'ಸ್ಪ್ಲೆಂಡರ್ ಹಿಂದಿನ ಬ್ರೇಕ್ ಶೂ ಕೊಡ್ರಿ' ಎಂದಷ್ಟೇ ಕೇಳಿದರೆ ಕೈಗೆ ಬರುವುದು ಯಾವುದೆಂದು ಹೇಳಲಾಗದು.

ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲಿರುತ್ತದೆ. ಅದನ್ನೇ ಹೇಳಿ, ಕೊಂಡ ವರ್ಷ ಹೇಳಬೇಡಿ, ಏಕೆಂದರೆ ಡಿಸೆಂಬರಿನಲ್ಲಿ ತಯಾರಾದ ಗಾಡಿ ಮಾರ್ಚಿಯಲ್ಲಿ ಮಾರಾಟವಾಗಿರಬಹುದು. ಆರ್‌ಸಿ ಕೈಯಲ್ಲಿಲ್ಲದಿದ್ದರೆ 17 ಅಕ್ಷರದ ಚಾಸಿಸ್ ನಂಬರಿನ ಹತ್ತನೆಯ ಅಕ್ಷರ ನೋಡಿ. ಸಾಮಾನ್ಯವಾಗಿ ಅದು ವರ್ಷ ಹೇಳುತ್ತದೆ: ಎಚ್ ಇದ್ದರೆ 2017, ಜೆ 2018, ಕೆ 2019, ಎಲ್ 2020, ಎಂ 2021, ಎನ್ 2022, ಪಿ 2023, ಆರ್ 2024. ಐ, ಒ, ಕ್ಯೂ ಬಳಸುವುದಿಲ್ಲ.

ಇನ್ನೂ ಪಕ್ಕಾ ದಾರಿ ಎಂದರೆ ಪಾರ್ಟ್ ನಂಬರ್. ಕಂಪನಿಗಳ ಪಾರ್ಟ್ಸ್ ಕ್ಯಾಟಲಾಗು ಪಿಡಿಎಫ್ ರೂಪದಲ್ಲಿ ಮೊಬೈಲಿನಲ್ಲೇ ಸಿಗುತ್ತದೆ; ಬಿಡಿಸಿಟ್ಟ ಚಿತ್ರದಲ್ಲಿ ಪ್ರತಿ ಬೋಲ್ಟಿಗೂ ನಂಬರ್ ಕೊಟ್ಟಿರುತ್ತಾರೆ. ಹೀರೊ ಮತ್ತು ಹೋಂಡಾ ಗಾಡಿಗಳ ನಂಬರ್ ಓದುವುದು ಸುಲಭ. 1984ರಿಂದ ಒಟ್ಟಿಗೆ ಇದ್ದ ಎರಡೂ ಕಂಪನಿ ಬೇರೆಯಾದದ್ದು 2010ರ ಕೊನೆಗೆ. ಆಮೇಲೂ ಹೀರೊ ಅದೇ ನಂಬರ್ ಪದ್ಧತಿ ಇಟ್ಟುಕೊಂಡಿದೆ. ಮೊದಲ ಐದು ಅಂಕಿ ಅದು ಏನು ಸಾಮಾನು ಎಂದು ಹೇಳುತ್ತವೆ: 17210 ಎಂದರೆ ಗಾಳಿ ಫಿಲ್ಟರ್, 22870 ಎಂದರೆ ಕ್ಲಚ್ ಕೇಬಲ್, 11394 ಎಂದರೆ ಬಲಗಡೆ ಎಂಜಿನ್ ಕವರಿನ ಗ್ಯಾಸ್ಕೆಟ್. ನಡುವಿನ ಮೂರು ಅಕ್ಷರ ಆ ಸಾಮಾನನ್ನು ಮೊದಲು ಯಾವ ಮಾಡೆಲಿಗೆ ಮಾಡಿದರೆಂಬ ಗುರುತು, ಕೊನೆಯವು ತಿದ್ದುಪಡಿಯವು. ಹಾಗಾಗಿ ಎರಡು ಗಾಡಿಗಳ ಕ್ಯಾಟಲಾಗಿನಲ್ಲಿ ಪೂರ್ತಿ ನಂಬರ್ ಒಂದೇ ಇದ್ದರೆ ಸಾಮಾನೂ ಒಂದೇ. ಸ್ಪ್ಲೆಂಡರಿನದು ಇಲ್ಲವೆಂದು ಅಂಗಡಿಯವರು ಕೈಯಾಡಿಸಿದಾಗ ಅದೇ ನಂಬರಿನ ಎಚ್‌ಎಫ್ ಡಿಲಕ್ಸ್ ಪಾರ್ಟು ಅವರ ಹಿಂದಿನ ಕಪಾಟಿನಲ್ಲೇ ಇರಬಹುದು. ನಂಬರ್ ತೋರಿಸಿ ಕೇಳಿ. 'ಈ ನಂಬರ್ ಬಂದ್ ಆಗ್ಯದ' ಎಂದರೆ ಅದರ ಬದಲಿ ನಂಬರ್ ಯಾವುದೆಂದು ಕೇಳಿ. ಕಂಪನಿ ಹಳೆಯ ನಂಬರ್ ನಿಲ್ಲಿಸಿದಾಗ ಹೆಚ್ಚಾಗಿ ಹೊಸದೊಂದು ಕೊಟ್ಟಿರುತ್ತದೆ.

ಎಲ್ಲದಕ್ಕೂ ಬೈಕ್ ಪಾರ್ಟಿನ ಅಂಗಡಿಗೇ ಅಲೆಯಬೇಕಿಲ್ಲ. ಚಕ್ರದ ಬೇರಿಂಗು ಜಗತ್ತಿನಾದ್ಯಂತ ಒಂದೇ ಅಳತೆಯ ಮಾಲು, ಅದರ ಅಂಚಿನ ಮೇಲೆ ನಂಬರ್ ಕೆತ್ತಿರುತ್ತಾರೆ. 6201 ಎಂದರೆ ಒಳಗಿನ ತೂತು 12, ಹೊರಗಿನ ಸುತ್ತು 32, ದಪ್ಪ 10 ಮಿ.ಮೀ. 6301 ಆದರೆ 12, 37, 12. 6202 ಆದರೆ 15, 35, 11. ಮೋಟಾರು-ಪಂಪ್‌ಸೆಟ್ಟಿನ ಬೇರಿಂಗ್ ಮಾರುವ ಅಂಗಡಿಯಲ್ಲಿ ಈ ನಂಬರ್ ಹೇಳಿದರೆ ಸಾಕು. ಎರಡೂ ಕಡೆ ರಬ್ಬರ್ ಮುಚ್ಚಳವಿರುವ 2ಆರ್‌ಎಸ್ ಬೇರಿಂಗನ್ನೇ ಕೇಳಿ. ಮುಚ್ಚಳವಿಲ್ಲದ್ದರೊಳಗೆ ನಮ್ಮ ಎರೆ ಮಣ್ಣು ಒಂದೇ ಮಳೆಗಾಲದಲ್ಲಿ ಸೇರುತ್ತದೆ. ಆಯಿಲ್ ಸೀಲಿನ ಮೇಲೂ ಒಳ ಅಳತೆ, ಹೊರ ಅಳತೆ, ದಪ್ಪ ಹೀಗೆ ಮೂರು ಅಂಕಿ ಇರುತ್ತವೆ. ಕವರಿನ 6 ಮಿ.ಮೀ. ಬೋಲ್ಟುಗಳು (10ರ ಪಾನಾ ಕೂಡುವಂಥವು) ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ, ಉದ್ದ ಮಾತ್ರ ಅಳೆದು ಒಯ್ಯಿರಿ. ಚಕ್ರದ ಆ್ಯಕ್ಸಲ್, ಬ್ರೇಕ್ ಕ್ಯಾಲಿಪರ್ ಬೋಲ್ಟುಗಳನ್ನು ಮಾತ್ರ ಹಾರ್ಡ್‌ವೇರಿನಿಂದ ತಂದು ಹಾಕಬೇಡಿ. ಅವುಗಳ ಉಕ್ಕೇ ಬೇರೆ.

ಒರಿಜಿನಲ್, ಲೋಕಲ್ ಜಗಳಕ್ಕೆ ನಮ್ಮ ನಿಲುವು ಸರಳ. ಕಾಲಿಡುವ ರಬ್ಬರ್, ಹ್ಯಾಂಡಲ್ ಗ್ರಿಪ್, ಇಂಡಿಕೇಟರ್ ಗಾಜು, ಮಡ್‌ಫ್ಲಾಪ್ ಲೋಕಲ್ ಆದರೂ ನಡೆಯುತ್ತದೆ. ಬ್ರೇಕ್ ಶೂ, ಡಿಸ್ಕ್ ಪ್ಯಾಡ್, ಚೈನ್ ಸ್ಪ್ರಾಕೆಟ್ (ಚೈನು ಕೂಡುವ ಹಲ್ಲುಚಕ್ರ), ಕ್ಲಚ್ ಪ್ಲೇಟ್, ಗಾಳಿ ಫಿಲ್ಟರ್, ಪ್ಲಗ್, ಕೇಬಲ್ ಇವು ಕಂಪನಿಯದೇ ಇರಲಿ, ಇಲ್ಲವೇ ಕಂಪನಿಗೇ ಮಾಲು ಕೊಡುವ ಹೆಸರುವಾಸಿ ತಯಾರಕರದಿರಲಿ. ನಕಲಿ ಗುರುತಿಸಲು ಡಬ್ಬಿ ಮೇಲಿನ ಪಾರ್ಟ್ ನಂಬರ್ ಕ್ಯಾಟಲಾಗಿಗೆ ಹೊಂದುತ್ತದೆಯೇ, ತಯಾರಾದ ತಿಂಗಳು ಮತ್ತು ಎಂಆರ್‌ಪಿ ಅಚ್ಚಾಗಿದೆಯೇ, ಅಕ್ಷರ ಮಸುಕಾಗಿದೆಯೇ ನೋಡಿ. ನಕಲಿ ಸ್ಪ್ರಾಕೆಟ್ಟಿನ ಹಲ್ಲಿನ ಅಂಚಿನಲ್ಲಿ ಕತ್ತರಿಸಿದ ಒರಟು ಹಾಗೇ ಇರುತ್ತದೆ. ನಕಲಿ ಫಿಲ್ಟರಿನ ಸುತ್ತಲಿನ ರಬ್ಬರ್ ಗಟ್ಟಿಯಾಗಿದ್ದು ಒತ್ತಿದರೆ ಮಣಿಯುವುದಿಲ್ಲ.

ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳಿದರೆ ಕೊಡಬೇಕಿಲ್ಲ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಪಾರ್ಟ್ ನಂಬರ್ ಬರೆಸಿ. ಬೇರೆ ಮಾಡೆಲಿನದು ಬಂದಾಗ ವಾಪಸ್ ಮಾಡಲು ಅದೊಂದೇ ಆಧಾರ. ಡಬ್ಬಿ ಹರಿಯದೆ ತೆರೆಯಿರಿ. ಗ್ರೀಸ್ ಹತ್ತಿದ ಮಾಲು ಯಾರೂ ವಾಪಸ್ ತಗೊಳ್ಳುವುದಿಲ್ಲ.

ಊರಲ್ಲಿ ಸಿಗದಿದ್ದರೆ ಬೀದರದವರಿಗೆ ಜಹೀರಾಬಾದ್, ಹೈದರಾಬಾದ್ ಹತ್ತಿರ. ಕಲಬುರಗಿ, ಆಳಂದ, ಅಫಜಲಪುರದವರಿಗೆ ಸೊಲ್ಲಾಪುರ ಹತ್ತಿರ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಗೊತ್ತಿದ್ದವರು ಕೊಂಡು ಕೊಟ್ಟರೆ ಸಾರಿಗೆ ಬಸ್ಸಿನ ನಮ್ಮ ಕಾರ್ಗೋದಲ್ಲಿ ಪಾರ್ಸಲ್ ಬರುತ್ತದೆ. ಆನ್‌ಲೈನಿನಲ್ಲಿ ತರಿಸುವಾಗ 'ಎಲ್ಲ ಮಾಡೆಲಿಗೂ ಹೊಂದುತ್ತದೆ' ಎಂದು ಬರೆದ ಮಾಲು ಬಿಡಿ, ಪಾರ್ಟ್ ನಂಬರ್ ಹಾಕಿ ಹುಡುಕಿದಾಗ ಬರುವುದನ್ನಷ್ಟೇ ನೋಡಿ. ಎಲ್ಲಿಂದ ತರಿಸಿದರೂ ವಾರ ಹಿಡಿಯಬಹುದೆಂದು ಲೆಕ್ಕ ಇಟ್ಟುಕೊಂಡೇ ಕೆಲಸದ ದಿನ ಗೊತ್ತು ಮಾಡಿ.

ಪಾನಾ ಪೆಟ್ಟಿಗೆ

8ರಿಂದ 19ರ ತನಕದ ರಿಂಗ್ ಪಾನಾಗಳು, 8, 10, 12, 14ರ ಟಿ ಪಾನಾ, ಪ್ಲಗ್ ಪಾನಾ, ಒಂದು ಪಕ್ಕಡ್ (ಇಕ್ಕಳ), 2 ಮತ್ತು 3ನೇ ನಂಬರಿನ ನಾಲ್ಕು ಮೂಲೆಯ ಸ್ಕ್ರೂಡ್ರೈವರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, 100 ಮಿ.ಲೀ. ಸಿರಿಂಜ್, ಉಕ್ಕಿನ ಸ್ಕೇಲು, ಸಾದಾ ಮಲ್ಟಿಮೀಟರ್. ಓಪನ್ ಪಾನಾ ಮತ್ತು ತಿರುಗಿಸಿ ಹೊಂದಿಸುವ ಪಾನಾದಿಂದ ಬಿಗಿ ಬೋಲ್ಟಿಗೆ ಕೈ ಹಾಕಬೇಡಿ, ಮೂಲೆ ಸವೆದು ಹೋಗುತ್ತದೆ. ಹಳೆಯ ಗಾಡಿಯ ಕವರಿನ ಸ್ಕ್ರೂ ಬಾರದಿದ್ದರೆ ಹಿಂದಿನ ರಾತ್ರಿಯೇ ಜಂಗು ಬಿಡಿಸುವ ಸ್ಪ್ರೇ ಹೊಡೆದಿಟ್ಟು, ಬೆಳಿಗ್ಗೆ ಸ್ಕ್ರೂಡ್ರೈವರಿನ ತಲೆಗೆ ಸುತ್ತಿಗೆಯಿಂದ ಎರಡೇಟು ಕೊಟ್ಟು ತಿರುಗಿಸಿ.

ಅಂಗಳದಲ್ಲಿ ಶಹಾಬಾದ್ ಫರ್ಸಿ ಹಾಸಿದ್ದರೆ ಕೆಳಗೆ ಹಳೆಯ ರಟ್ಟು ಅಥವಾ ಗೋಣಿಚೀಲ ಹಾಕಿ. ಆ ಕಲ್ಲು ಎಣ್ಣೆ ಕುಡಿದರೆ ಕಲೆ ಹೋಗುವುದಿಲ್ಲ.

ಎಂಜಿನ್ ಆಯಿಲ್

ಗ್ರೇಡು ಮ್ಯಾನುಯಲ್ ಹೇಳಿದ್ದೇ ಇರಲಿ; ಸ್ಪ್ಲೆಂಡರ್ ಬಗೆಯ ಗಾಡಿಗೆ 10ಡಬ್ಲ್ಯು-30. ಡಬ್ಬಿ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಎಂದಿರುವುದು ಸ್ಕೂಟರಿನದು. ಬೈಕಿನ ಕ್ಲಚ್ ಪ್ಲೇಟುಗಳು ಇದೇ ಆಯಿಲಿನಲ್ಲಿ ಮುಳುಗಿರುತ್ತವೆ. ಎಂಬಿ ಆಯಿಲನ್ನೋ ಕಾರಿನ ಆಯಿಲನ್ನೋ ಸುರಿದರೆ ಅದರ ಜಾರುಗುಣಕ್ಕೆ ಕ್ಲಚ್ ಹಿಡಿಯದೆ, ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಆಗ ಕ್ಲಚ್ ಪ್ಲೇಟ್ ಬದಲಿಸಿ ಸಾವಿರಾರು ರೂಪಾಯಿ ಕಳಕೊಳ್ಳುವವರಿದ್ದಾರೆ. ತಪ್ಪು ಆಯಿಲಿನದೇ ಇರಬಹುದು, ಮೊದಲು ಅದನ್ನು ನೋಡಿ.

ಎಂಜಿನ್ ಮೂರ್ನಾಲ್ಕು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಮಟ್ಟಸವಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಬಿಸಿ ಸೈಲೆನ್ಸರಿಗೆ ಕೈ ತಾಕದಂತೆ ನೋಡಿಕೊಂಡು, ಮೇಲಿನ ಆಯಿಲ್ ಮುಚ್ಚಳ ಸಡಿಲಿಸಿ, ಕೆಳಗಿನ ಡ್ರೇನ್ ಬೋಲ್ಟು ರಿಂಗ್ ಪಾನಾದಿಂದ ಬಿಚ್ಚಿ. ಹತ್ತು ನಿಮಿಷ ಸೋರಲು ಬಿಡಿ. ಬೋಲ್ಟಿನ ಅಲ್ಯೂಮಿನಿಯಂ ವಾಷರ್ ಹೊಸದು ಹಾಕಿ, ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬಾರದಿದ್ದರೆ ಚೂಡಿ (ಬೋಲ್ಟಿನ ಸುತ್ತುಗೆರೆ) ವಾರೆಯಾಗಿದೆ ಎಂದರ್ಥ, ಬಿಚ್ಚಿ ಮತ್ತೆ ಹಿಡಿಸಿ. ಕೊನೆಗೆ ಸಣ್ಣ ಪಾನಾದಿಂದ ಮಣಿಕಟ್ಟಿನ ಬಲದಷ್ಟೇ ಬಿಗಿ. ಪಾನಾಗೆ ಪೈಪು ಸಿಕ್ಕಿಸಿ ಬಿಗಿದರೆ ಬೋಲ್ಟಿಗೇನೂ ಆಗುವುದಿಲ್ಲ, ಎಂಜಿನ್ನಿನ ಅಲ್ಯೂಮಿನಿಯಂ ಚೂಡಿ ಕಿತ್ತು ಬರುತ್ತದೆ. ಮನೆಯ ರಿಪೇರಿಯಲ್ಲಿ ಆಗುವ ಅತಿ ದುಬಾರಿ ತಪ್ಪು ಇದೇ.

900 ಮಿ.ಲೀ. ಡಬ್ಬಿ ತಂದಿದ್ದರೂ ಪೂರ್ತಿ ಸುರಿಯಬೇಡಿ. ಮೊದಲು 700 ಮಿ.ಲೀ. ಹಾಕಿ, ಎರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಮತ್ತೆರಡು ನಿಮಿಷ ಬಿಟ್ಟು ಕಡ್ಡಿ ನೋಡಿ. ಸ್ಪ್ಲೆಂಡರಿನಂಥ ಗಾಡಿಯಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಯದೆ ಸುಮ್ಮನೆ ಇಳಿಬಿಟ್ಟು ಅಳೆಯಬೇಕು. ಮೇಲಿನ ಗೆರೆಗೆ ಬರುವ ತನಕ ಸಿರಿಂಜಿನಿಂದ ಸ್ವಲ್ಪ ಸ್ವಲ್ಪ ಸೇರಿಸಿ. ಗೆರೆ ಮೀರಿದರೆ ಗಾಳಿ ಫಿಲ್ಟರ್ ಡಬ್ಬಿಗೆ ಆಯಿಲ್ ಏರುತ್ತದೆ.

ಏಪ್ರಿಲ್-ಮೇ ತಿಂಗಳ 42-43 ಡಿಗ್ರಿಯಲ್ಲಿ, ಸೇಡಂ-ಚಿತ್ತಾಪುರ ಕಡೆಯ ಸುಣ್ಣಕಲ್ಲಿನ ಧೂಳಿನಲ್ಲಿ ದಿನವೂ ಓಡುವ ಗಾಡಿಗೆ 3000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸುವುದು ಒಳ್ಳೆಯದು. ಹಳೆಯ ಆಯಿಲನ್ನು ಗಟಾರಕ್ಕೂ ಹೊಲದ ಬದುವಿಗೂ ಸುರಿಯಬೇಡಿ. ಡಬ್ಬಿಗೆ ತುಂಬಿ ಹಳೆ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಡಿ.

ಗಾಳಿ ಫಿಲ್ಟರ್

ಇಲ್ಲಿ ಮೂರು ಬಗೆ. ಸ್ಪಂಜಿನದನ್ನು ಸೀಮೆಎಣ್ಣೆ ಅಥವಾ ಸೋಪಿನ ನೀರಿನಲ್ಲಿ ತೊಳೆಯಬಹುದು: ಹಿಂಡದೆ ಒತ್ತಿ ನೀರು ತೆಗೆಯಿರಿ, ನೆರಳಲ್ಲಿ ಒಣಗಿಸಿ, ಎಂಜಿನ್ ಆಯಿಲಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಷ್ಟು ಒತ್ತಿ ತೆಗೆದು ಹಾಕಿ. ಪೆಟ್ರೋಲಿನಲ್ಲಿ ತೊಳೆದರೆ ಸ್ಪಂಜು ಉದುರಿ ಎಂಜಿನ್ ಒಳಗೆ ಹೋಗುತ್ತದೆ, ಬೆಂಕಿಯ ಭಯ ಬೇರೆ. ಒಣ ಕಾಗದದ್ದನ್ನು ತಟ್ಟಿ, ಒಳಗಿನಿಂದ ಹೊರಕ್ಕೆ ಮೆಲ್ಲನೆ ಗಾಳಿ ಬಿಡಿ. ಮೂರನೆಯದು ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತುವ ಜಿಡ್ಡುಕಾಗದದ ಫಿಲ್ಟರ್. ಹೊಸ ಗಾಡಿಗಳಲ್ಲಿ ಹೆಚ್ಚಾಗಿ ಇದೇ. ಇದಕ್ಕೆ ಗಾಳಿ ಹೊಡೆಯಲೂಬಾರದು, ತೊಳೆಯಲೂಬಾರದು. ಧೂಳು ಹಿಡಿಯುವುದೇ ಆ ಜಿಡ್ಡು. ಗಾಳಿ ಹೊಡೆದರೆ ಫಿಲ್ಟರ್ ಬಿಳುಪಾಗಿ ಕಾಣುತ್ತದೆ, ಆದರೆ ಮರುದಿನದಿಂದ ಧೂಳು ನೇರ ಸಿಲಿಂಡರಿಗೆ. ಸರ್ವಿಸ್ ಸೆಂಟರಿನಲ್ಲಿ ಗಾಳಿ ಹೊಡೆದು ವಾಪಸ್ ಹಾಕುವುದು ಕಂಡರೆ ಬೇಡವೆನ್ನಿ.

ಡಬ್ಬಿಯ ಅಡಿಯಲ್ಲಿ ಒಂದು ಸಣ್ಣ ರಬ್ಬರ್ ನಳಿಕೆ ಇರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ತೆಗೆದು ಕೂಡಿದ ನೀರು, ಆಯಿಲ್ ಬಿಡಿ. ಫಿಲ್ಟರ್ ಕೂರಿಸುವಾಗ ಸುತ್ತಲಿನ ರಬ್ಬರ್ ಎಲ್ಲೂ ಮಡಚಿರಬಾರದು. ಅಂಚಿಗೆ ತೆಳ್ಳಗೆ ಗ್ರೀಸ್ ಸವರಿದರೆ ಧೂಳು ನುಸುಳುವ ಸಂದು ಮುಚ್ಚುತ್ತದೆ.

ಚೈನು

ನಮ್ಮ ಕಡೆಯ ಗಾಡಿಗಳಲ್ಲಿ ಮೊದಲು ಸೋಲುವುದು ಚೈನೇ. ಎರೆ ಮಣ್ಣು ಒದ್ದೆಯಾದಾಗ ಉಬ್ಬಿ ಅಂಟುತ್ತದೆ, ಒಣಗಿದಾಗ ಕುಗ್ಗಿ ಕಲ್ಲಾಗುತ್ತದೆ. ಸ್ಪ್ಲೆಂಡರಿನ ಮುಚ್ಚಿದ ಚೈನ್ ಕವರಿನೊಳಗೆ ಸೇರಿದ ಮಣ್ಣು ಹೊರಬರುವ ದಾರಿ ಕಾಣದೆ ಅಲ್ಲೇ ಅರೆಯುತ್ತದೆ. ಹೊಲದಿಂದ ಬಂದ ದಿನವೇ, ಮಣ್ಣು ಒದ್ದೆ ಇದ್ದಾಗಲೇ, ಬಕೆಟ್ ನೀರಿನಿಂದ ತೊಳೆಯಿರಿ. ಒಣಗಿದ ಮೇಲೆ ಕೆರೆಯಬೇಡಿ. ಗೋಣಿ ಒದ್ದೆ ಮಾಡಿ ಹೊದಿಸಿ ಅರ್ಧ ಗಂಟೆ ಬಿಟ್ಟರೆ ಮಣ್ಣು ತಾನೇ ಬಿಡುತ್ತದೆ. ಪ್ರೆಷರ್ ಪಂಪಿನ ನೀರನ್ನು ಚೈನಿಗೂ ಚಕ್ರದ ನಡುವಿಗೂ ಹಿಡಿಯಬೇಡಿ.

ಡಿಸೆಂಬರ್-ಜನವರಿಯಲ್ಲಿ ಇನ್ನೊಂದು ಕಾಟ. ತೊಗರಿ ರಾಶಿಗೆಂದು ರಸ್ತೆ ಮೇಲೆ ಹರವಿದ ಕಟ್ಟಿಗೆ ಚಕ್ರದ ಹಬ್ಬಿಗೂ ಮುಂದಿನ ಸ್ಪ್ರಾಕೆಟ್ಟಿಗೂ ಸುತ್ತಿಕೊಳ್ಳುತ್ತದೆ. ಅದು ಗಟ್ಟಿಯಾಗಿ ಸುತ್ತಿದರೆ ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲು ಹರಿದು ಆಯಿಲ್ ಸೋರಲು ಶುರು. ಸೈಲೆನ್ಸರಿಗೆ ಅಂಟಿದ ಒಣ ಹೊಟ್ಟಿಗೆ ಬೆಂಕಿಯೂ ಹತ್ತಬಹುದು. ರಾಶಿ ದಾಟಿದ ಕೂಡಲೇ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕಿತ್ತುಹಾಕಿ.

ಚೈನ್ ಸ್ವಚ್ಛ ಮಾಡುವಾಗ ಎಂಜಿನ್ ಬಂದ್, ಚಾವಿ ಜೇಬಿನಲ್ಲಿ. ಗೇರ್ ಹಾಕಿ ಚಕ್ರ ತಿರುಗಿಸುತ್ತ ಅರಿವೆ ಹಿಡಿದವರು ಬೆರಳು ಕಳಕೊಂಡಿದ್ದಾರೆ. ಇದೊಂದು ವಿಷಯದಲ್ಲಿ ಅವಸರ ಬೇಡವೇ ಬೇಡ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬ್ರಷ್ಷಿನಿಂದ ಉಜ್ಜಿ. ಒರೆಸಿ, ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲನ್ನು ಚೈನಿನ ಒಳಮೈಗೆ, ಪ್ಲೇಟುಗಳ ಸಂದಿಗೆ, ಹನಿಹನಿಯಾಗಿ ಬಿಡಿ. ಸಂಜೆ ಹಚ್ಚಿ ರಾತ್ರಿ ಬಿಟ್ಟು ಬೆಳಿಗ್ಗೆ ಹೊರಗಿನದನ್ನು ಒರೆಸಿದರೆ ಧೂಳು ಅಂಟುವುದಿಲ್ಲ. 500 ಕಿ.ಮೀ.ಗೊಮ್ಮೆ ಇದು ಆಗಬೇಕು. ಹಳೆಯ ಎಂಜಿನ್ ಆಯಿಲ್ ಹಚ್ಚುವ ರೂಢಿ ಬಿಡಿ, ಅದರಲ್ಲಿ ಲೋಹದ ಪುಡಿ ಇರುತ್ತದೆ.

ಇನ್ನು ಸಡಿಲು. ಕವರಿನ ಕೆಳಗಿನ ರಬ್ಬರ್ ಬಿರಡೆ ತೆಗೆದು, ಬೆರಳಿನಿಂದ ಚೈನನ್ನು ಮೇಲೆ ಕೆಳಗೆ ಆಡಿಸಿ. ಒಟ್ಟು ಆಟ ಸುಮಾರು 25 ಮಿ.ಮೀ. ಇರಲಿ, ನಿಮ್ಮ ಮಾಡೆಲಿನ ಪಕ್ಕಾ ಅಳತೆ ಮ್ಯಾನುಯಲಿನಲ್ಲಿದೆ. ಚಕ್ರವನ್ನು ನಾಲ್ಕು ಕಡೆ ತಿರುಗಿಸಿ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲು ಇದ್ದರೆ ಚೈನು ಎಲ್ಲ ಕಡೆ ಒಂದೇ ಸಮ ಸವೆದಿಲ್ಲ. ಅದಕ್ಕೆ ಬಿಗಿಯುವುದು ಪರಿಹಾರವಾಗದು, ಬದಲಿಸಬೇಕು. ಬಿಗಿಯುವಾಗ ಆ್ಯಕ್ಸಲ್ ನಟ್ಟು, ಚೈನ್ ಬದಿಯ ಸ್ಲೀವ್ ನಟ್ಟು ಎರಡನ್ನೂ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಕಾಲು ಸುತ್ತಿನಂತೆ ಸಮನಾಗಿ ತಿರುಗಿಸಿ. ಎರಡೂ ಕಡೆಯ ಗೆರೆ ಒಂದೇ ಕಡೆ ನಿಲ್ಲಬೇಕು, ಇಲ್ಲವಾದರೆ ಚಕ್ರ ವಾರೆ ಓಡುತ್ತದೆ. ನಟ್ಟು ಬಿಗಿದ ಮೇಲೆ ಮತ್ತೆ ಅಳೆಯಿರಿ, ಬಿಗಿಯುವಾಗಲೇ ಅಳತೆ ಬದಲಾಗುತ್ತದೆ. ಆಮೇಲೆ ಹಿಂದಿನ ಬ್ರೇಕನ್ನೂ ಹೊಂದಿಸಿ. ತೀರ ಬಿಗಿ ಚೈನು ಸಡಿಲಿಗಿಂತ ಕೆಟ್ಟದ್ದು: ಇಬ್ಬರು ಕೂತು ತಗ್ಗಿಗೆ ಬಿದ್ದಾಗ ಅದು ಗೇರ್‌ಬಾಕ್ಸಿನ ಬೇರಿಂಗನ್ನೇ ಎಳೆಯುತ್ತದೆ.

ಸವೆತ ಅಳೆಯಲು ಸ್ಕೇಲು ಸಾಕು. 428 ಅಳತೆಯ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನದಕ್ಕೆ 12.7 ಮಿ.ಮೀ. ಹಾಗಾಗಿ ಎಳೆದು ಹಿಡಿದ ಚೈನಿನಲ್ಲಿ 21 ಪಿನ್ನು ಎಣಿಸಿ, ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿಗೆ ಅಳೆದರೆ ಹೊಸದರಲ್ಲಿ 254 ಮಿ.ಮೀ. 259 ದಾಟಿದರೆ ಚೈನು ಮುಗಿಯಿತು. ಆಗ ಚೈನು, ಮುಂದಿನ, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಹಾಕಿ. ಹಿಗ್ಗಿದ ಚೈನಿನ ಅಳತೆಗೆ ಸವೆದ ಹಲ್ಲುಗಳು ಹೊಸ ಚೈನನ್ನು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಹಾಳು ಮಾಡುತ್ತವೆ. ಕೊಳ್ಳುವಾಗ ಹಳೆಯ ಸ್ಪ್ರಾಕೆಟ್ಟಿನ ಹಲ್ಲು, ಚೈನಿನ ಕೊಂಡಿ ಎಣಿಸಿಕೊಂಡೇ ಹೋಗಿ. ಒಂದು ಹಲ್ಲು ಹೆಚ್ಚುಕಡಿಮೆ ಇದ್ದರೂ ಡಬ್ಬಿ ಒಂದೇ ಥರ ಕಾಣುತ್ತದೆ. ಚೈನ್ ಲಾಕಿನ ಕ್ಲಿಪ್ ಹಾಕುವಾಗ ಅದರ ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗಿರಲಿ. ತೆರೆದ ಬಾಯಿ ಮುಂದಿದ್ದರೆ ಎಲ್ಲಿಯಾದರೂ ತಾಗಿ ಕಳಚಿ ಬೀಳುತ್ತದೆ.

ಬ್ರೇಕು

ಡ್ರಮ್ ಬ್ರೇಕಿನ ಸವೆತ ನೋಡಲು ಬಿಚ್ಚಬೇಕಿಲ್ಲ. ಬ್ರೇಕ್ ಪೂರ್ತಿ ಒತ್ತಿದಾಗ ತೋಳಿನ ಬುಡದ ಬಾಣ, ಪ್ಲೇಟಿನ ಮೇಲಿನ ಗುರುತಿಗೆ ಸೇರಿದರೆ ಶೂ ಮುಗಿದಂತೆ. ಚಕ್ರ ತೆಗೆದಾಗ ಲೈನಿಂಗ್ 2 ಮಿ.ಮೀ.ಗಿಂತ ತೆಳ್ಳಗಿದ್ದರೂ ಬದಲಿಸಿ. ಒಳಗಿನ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಅರಿವೆಯಿಂದ ಒರೆಸಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಶೂ ಹೊಳೆಯುತ್ತಿದ್ದರೆ ಪಾಲಿಶ್ ಪೇಪರಿನಿಂದ ಹೊಳಪು ಹೋಗುವಷ್ಟು ಉಜ್ಜಿ. ಶೂಗಳನ್ನು ಅಗಲಿಸುವ ಕ್ಯಾಮನ್ನು ಹೊರತೆಗೆದು, ಜಂಗು ಉಜ್ಜಿ, ತೀರ ತೆಳ್ಳಗೆ ಗ್ರೀಸ್ ಸವರಿ. ಮಳೆಗಾಲದ ನಂತರ 'ಬ್ರೇಕ್ ಒತ್ತಿದರ ಹಿಡೀತದ, ಬಿಟ್ಟರ ಬಿಡವಲ್ದು' ಎಂಬ ದೂರಿಗೆ ಮೂಲ ಹೆಚ್ಚಾಗಿ ಈ ಜಂಗು ಹಿಡಿದ ಕ್ಯಾಮೇ. ಶೂ ಬದಲಿಸಿ ಬಂದವರಿಗೂ ಅದೇ ತೊಂದರೆ ಮುಂದುವರಿಯುವುದು ಇದನ್ನು ಯಾರೂ ಬಿಚ್ಚದ್ದಕ್ಕೆ. ಪೆಡಲಿನ ಆಟ 20-30 ಮಿ.ಮೀ. ಇಟ್ಟು, ಚಕ್ರ ಎತ್ತಿ ಕೈಯಿಂದ ತಿರುಗಿಸಿದರೆ ಸರಾಗ ತಿರುಗಬೇಕು.

ಡಿಸ್ಕ್ ಇದ್ದರೆ ಪ್ಯಾಡಿನ ಸವೆತ ತೋರಿಸುವ ಗೆರೆ ಅಳಿಸುವ ಮುಂಚೆ ಬದಲಿಸಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ಡಾಟ್ 3 ಅಥವಾ ಡಾಟ್ 4 ಅನ್ನೇ ಹಾಕಿ. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಬಳಸಬೇಡಿ; ಅದು ಗಾಳಿಯ ತೇವ ಹೀರಿ, ಬಿಸಿಯಾದಾಗ ಬ್ರೇಕ್ ಮೆತ್ತಗಾಗುತ್ತದೆ. ಟ್ಯಾಂಕಿನ ಮೇಲೆ ಹನಿ ಬಿದ್ದರೆ ಬಣ್ಣ ಏಳುತ್ತದೆ, ಕೂಡಲೇ ನೀರು ಹಾಕಿ. ಎಬಿಎಸ್ ಇರುವ ಗಾಡಿಯ ಬ್ರೇಕ್ ಪೈಪನ್ನು ಮನೆಯಲ್ಲಿ ಬಿಚ್ಚಬೇಡಿ.

ಪ್ಲಗ್, ಕೇಬಲ್, ಬ್ಯಾಟರಿ

100 ಸಿಸಿ ಗಾಡಿಗಳ ಸಣ್ಣ ಪ್ಲಗ್ಗಿಗೆ 16ರ ಪ್ಲಗ್ ಪಾನಾ ಬೇಕು. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಗಾಳಿಯಿಂದ ಊದಿ ತೆಗೆಯಿರಿ, ಇಲ್ಲವಾದರೆ ಅದು ಸಿಲಿಂಡರಿಗೆ ಬೀಳುತ್ತದೆ. ತುದಿ ಕಂದು ಬಣ್ಣವಿದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಎಂದರೆ ಫಿಲ್ಟರ್ ಕಟ್ಟಿದೆ ಅಥವಾ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಎಣ್ಣೆ ಜಿಡ್ಡು ಇದ್ದರೆ ರಿಂಗು-ವಾಲ್ವ್ ಸೀಲಿನ ಕಡೆ ನೋಡಬೇಕು. ಪ್ಲಗ್ ನಂಬರಿನಲ್ಲಿ 'ಆರ್' ಇರುವುದು ರೆಸಿಸ್ಟರ್ ಪ್ಲಗ್. ಇಂಜೆಕ್ಷನ್ ಗಾಡಿಗೆ 'ಆರ್' ಇಲ್ಲದ್ದನ್ನು ಹಾಕಿದರೆ ಅದರ ಕಿಡಿಯ ಅಲೆಗೆ ಸೆನ್ಸರ್‌ಗಳು ಗೊಂದಲಗೊಳ್ಳುತ್ತವೆ. ಹೊಸ ಪ್ಲಗ್ ಕೈಯಿಂದ ಕೂರಿಸಿ, ಆಮೇಲೆ ಪಾನಾದಿಂದ ಅರ್ಧ ಸುತ್ತು ಸಾಕು.

ಕ್ಲಚ್ ಕೇಬಲ್ ಒಮ್ಮೆಲೇ ತುಂಡಾಗುವುದಿಲ್ಲ. ಹ್ಯಾಂಡಲ್ ತುದಿಯಲ್ಲಿ ಒಂದೊಂದೇ ಎಳೆ ಹರಿಯುತ್ತ ಬರುತ್ತದೆ. ಎರಡೆಳೆ ಹೊರಚಾಚಿದ್ದು ಕಂಡರೆ ಬದಲಿಸಿ. ಹೊಸ ಕೇಬಲಿಗೆ ಸಿರಿಂಜಿನಿಂದ ಆಯಿಲ್ ಬಿಟ್ಟು ಆ ತುದಿಯಲ್ಲಿ ಬರುವ ತನಕ ಇಳಿಸಿ, ಹಳೆಯದು ಹೋದ ದಾರಿಯಲ್ಲೇ ಎಳೆಯಿರಿ. ಲಿವರಿನ ತುದಿಯಲ್ಲಿ 10-15 ಮಿ.ಮೀ. ಆಟ ಇರಲಿ.

ಬ್ಯಾಟರಿಯನ್ನು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಖಾಲಿ. ಎಂಜಿನ್ ಓಡಿಸಿ ರೇಸ್ ಕೊಟ್ಟಾಗ 13.5ರಿಂದ 14.5 ಬರಬೇಕು. ಬಾರದಿದ್ದರೆ ಹೊಸ ಬ್ಯಾಟರಿ ಕೊಂಡರೂ ವ್ಯರ್ಥ, ತಪ್ಪು ಚಾರ್ಜಿಂಗಿನದು. ಹೊಸ ಬ್ಯಾಟರಿ ಮಾರುವ ಅಂಗಡಿ ಈ ಪರೀಕ್ಷೆ ಮಾಡುತ್ತದೆಂದು ನಂಬಿ ಕೂರಬೇಡಿ, ನೀವೇ ಮಾಡಿ. ನೀರು ತುಂಬುವ ಹಳೆಯ ಬಗೆಯದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಸುಣ್ಣಕಲ್ಲಿನ ನೆಲದ ನಮ್ಮ ಬೋರಿನ ನೀರು ತೀರ ಗಡಸು, ಅದನ್ನು ಹಾಕಿದರೆ ಪ್ಲೇಟುಗಳು ಬಿಳಿ ಹಿಡಿಯುತ್ತವೆ.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ ಮಾಲು

ಎಂಜಿನ್ ಹೆಡ್, ಕ್ಲಚ್ ಹಬ್, ಫ್ಯೂಯಲ್ ಪಂಪ್ ಮಿಸ್ತ್ರಿಗೇ ಬಿಡಿ. ಅಲ್ಲಿಗೂ ಪಾರ್ಟು ನೀವೇ ತಂದುಕೊಟ್ಟು, ಹಳೆಯದನ್ನು ವಾಪಸ್ ಕೇಳಿ ಪಡೆಯಿರಿ. ಉಳಿದಂತೆ ಒಂದು ಪ್ಲಗ್, ಒಂದು ಕ್ಲಚ್ ಕೇಬಲ್, ಒಂದು ಆ್ಯಕ್ಸಿಲರೇಟರ್ ಕೇಬಲ್, ಎರಡು ಚೈನ್ ಲಾಕ್, ಒಂದು ಜೊತೆ ಹಿಂದಿನ ಬ್ರೇಕ್ ಶೂ, ಒಂದು ಫಿಲ್ಟರ್, ನಾಲ್ಕು ಡ್ರೇನ್ ವಾಷರ್, ಗಾಡಿಯಲ್ಲಿ ಇರುವಷ್ಟೇ ಆಂಪಿಯರಿನ ಎರಡು ಫ್ಯೂಸು. ಪ್ರತಿಯೊಂದರ ಡಬ್ಬಿ ಮೇಲಿನ ನಂಬರಿನ ಫೋಟೊ ಮೊಬೈಲಿನಲ್ಲಿರಲಿ, ಯಾಕೆಂದರೆ ಡಬ್ಬಿ ಇಲಿಗಳ ಪಾಲಾಗುತ್ತದೆ. ಒಂದು ಬಳಸಿದ ದಿನವೇ ಮುಂದಿನದಕ್ಕೆ ಹೇಳಿಡಿ. ಮೇ ತಿಂಗಳ ಕೊನೆಯೊಳಗೆ ಬ್ರೇಕ್ ಶೂ, ಚೈನ್ ಸೆಟ್ ತರಿಸಿಕೊಳ್ಳಿ. ಮೊದಲ ಮಳೆ ಬಿದ್ದು ಬಿತ್ತನೆ ಶುರುವಾದ ವಾರ ಊರಿನ ಎಲ್ಲರಿಗೂ ಅದೇ ಎರಡು ಪಾರ್ಟು ಬೇಕಾಗಿರುತ್ತವೆ.